ಚಂದ್ರನಿಗೊಂದು ಹ್ವಾಯ್

"ಹ್ವಾಯ್! ನಿಲ್ಲಿ ಅಲ್ಲೇ!"

ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದ ಬಾಲಚಂದ್ರ ಮಯ್ಯ ಬೆಚ್ಚಿ ತಿರುಗಿದ. ಕೈಯಲ್ಲಿದ್ದ ತಂಬಿಗೆ ಜಾರಿ ಠಣ್ ಎಂದು ಕಲ್ಲಿನ ಮೇಲೆ ಬಿತ್ತು.

ಎದುರಿಗೆ ನಿಂತವಳು ಆ ಮನೆಯ ಮಗಳು ವನಮಾಲಾ. ಮೂಗಿನ ತುದಿ ಕೆಂಪು, ಕಣ್ಣಿನಲ್ಲಿ ನೀರು... ಅಳುವಲ್ಲ, ಸಿಟ್ಟು!

"ಸತ್ತವ್ರನ್ನ್ ಸಭೆಲಿ ಗೇಲಿ ಮಾಡುಕೆ ನಿಮ್ಗೆ ನಾಚ್ಕಿ ಆತಿಲ್ಯಾ?"

"ಅದ್... ಅದ್ ಎಂತ ಅಂದ್ರೆ..."

"ಎಂತದೂ ಹೇಳುದ್ ಬ್ಯಾಡ! ನಮ್ಮನಿ ಬೆಲ್ಲ-ನೀರ್ ಕುಡ್ದ್, ನಮ್ ದೊಡ್ಡಮಾವನನ್ನೇ ನೆಗಾಡಿದ್ರಿ. ಒಳ್ಳೆ ಮಾಸ್ತ್ರ್ ನೀವ್!"

ಸೆರಗು ಕೊಡವಿ ಅವಳು ಹೊರಟೇ ಹೋದಳು.

ಬೈಸಿಕೊಂಡವನ ಮುಖ ಬಾಡಬೇಕು ತಾನೆ? ಈ ಪುಣ್ಯಾತ್ಮ ಅವಳು ಹೋದ ದಾರಿಯನ್ನೇ ನೋಡುತ್ತಾ ನಗುತ್ತಿದ್ದ! ಯಾಕೆಂದು ಈಗಲೇ ಹೇಳಿಬಿಟ್ಟರೆ ಕಥೆ ಇಲ್ಲಿಗೇ ಮುಗಿದುಹೋಗುತ್ತದೆ. ಸ್ವಲ್ಪ ತಡೆಯಿರಿ.

ಅದು ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಸಾಲಿಗ್ರಾಮದ ಅಣ್ಣಯ್ಯ ಐತಾಳರ ಮನೆಯಲ್ಲಿ ಅಂದು ಮಧ್ಯಾಹ್ನದ ಊಟದ ಮೇಲೆ ತಾಳಮದ್ದಲೆ ಇಟ್ಟುಕೊಂಡಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ವಾದ ಹೂಡುತ್ತಾರೆ. ಎಲ್ಲವೂ ಆಗಿಂದಾಗಲೇ ಹುಟ್ಟುವ ಮಾತು.

ಅಂದು ರಾಕ್ಷಸರಾಜನ ಅರ್ಥ ತೆಕ್ಕಟ್ಟೆಯ ಬಾಲಚಂದ್ರನದು. ಕುಂದಾಪುರದ ಶಾಲೆಯಲ್ಲಿ ಮಾಸ್ತರ. ವಯಸ್ಸು ಚಿಕ್ಕದು, ನಾಲಗೆ ಮಾತ್ರ ಭಾರೀ ಚುರುಕು. ಸಮುದ್ರ ದಾಟಿ ಬಂದ ದೂತನ ಅರ್ಥ ಸ್ವತಃ ಐತಾಳರದು.

ವನಮಾಲಾ ಅಮ್ಮ ಗುಣವತಿಯ ಜೊತೆ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಬಾಲಚಂದ್ರ ತೊಡೆ ತಟ್ಟಿದ.

"ಎಲೈ ದೂತನೇ! ಸಮುದ್ರ ಹಾರಿ ಬಂದೆನೆನ್ನುತ್ತೀಯಲ್ಲ, ನಾಳೆ ಇನ್ನೇನು ಹೇಳುವೆಯೋ! ಈ ಸಾಲಿಗ್ರಾಮದಲ್ಲಿ ಹೊಳ್ಳರೆಂಬವರಿದ್ದರಂತೆ. ಕಡಲತಡಿಯಲ್ಲಿ ನಿಂತು ಚಂದ್ರನಿಗೆ ‘ಹ್ವಾಯ್’ ಎಂದರೆ ಚಂದ್ರ ಓಗೊಡುತ್ತಾನೆಂದು ಕಥೆ ಬರೆದರಂತೆ! ನೀನು ಅವರ ಶಿಷ್ಯನೋ?"

ಚಾವಡಿಗೆ ಚಾವಡಿಯೇ ಘೊಳ್ಳೆಂದಿತು!

ಐತಾಳರು ಎಲೆಯಡಿಕೆಯ ತಟ್ಟೆ ನೋಡುತ್ತಾ ಸುಮ್ಮನೆ ಕುಳಿತರು. ಉತ್ತರವೇ ಬರಲಿಲ್ಲ. ಭಾಗವತರು ಸ್ವಲ್ಪ ಕಾದು ಮುಂದಿನ ಪದ ಎತ್ತಿಕೊಂಡರು. ಗುಣವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವನಮಾಲಾಗೆ ಮೈಯೆಲ್ಲ ಉರಿದುಹೋಯಿತು.

ಯಾಕೆಂದರೆ ಆ ಮಹಾಲಿಂಗ ಹೊಳ್ಳರು ಗುಣವತಿಯ ಅಣ್ಣ. ವನಮಾಲಾಳ ದೊಡ್ಡಮಾವ. ತೀರಿಕೊಂಡು ಮೂರು ವರ್ಷವಾಗಿತ್ತು.

ಎಂಥಾ ಮನುಷ್ಯ ಅವರು! ಮಂಗಳೂರಿಗೆ ಹೋಗಬೇಕಾದರೆ ಹೊಳೆಹೊಳೆಗೂ ದೋಣಿ ಹತ್ತಿ ಇಳಿಯುತ್ತಿದ್ದ ಕಾಲದಲ್ಲಿ ಅವರು ಬರೆದ ಕಥೆಗಳನ್ನು ಕೇಳಬೇಕು. ಬೊಂಬಾಯಿಯಲ್ಲಿರುವ ಮಗನ ಮುಖ ನೋಡುತ್ತಲೇ ಬೈಂದೂರಿನ ತಾಯಿ ಮಾತಾಡುವ ಕನ್ನಡಿ! ಹಗಲು ಬಿಸಿಲು ಕುಡಿದು ರಾತ್ರಿ ಉರಿಯುವ ದೀಪ! ಚಂದ್ರನ ಮೇಲೆ ನಿಂತು, ಅಲ್ಲಿಂದ ನಮ್ಮ ಭೂಮಿ ಮೂಡುವುದನ್ನು ನೋಡುವ ಹುಡುಗಿ! ಆ ಹುಡುಗಿಗೆ ಅವರಿಟ್ಟ ಹೆಸರು ವನಮಾಲಾ.

"ದೊಡ್ಡಮಾವ, ಹೆಣ್ಮಕ್ಕಳೂ ಚಂದ್ರಲೋಕಕ್ಕೆ ಹೋಪ್ಲಕ್ಕಾ?" ಎಂದು ಲಂಗದ ಹುಡುಗಿ ಕೇಳಿದ್ದಳು.

"ಎಂತಕಾಗ? ಅಲ್ಲಿ ಗಂಜಿ ಬೇಯ್ಸುಕ್ ಒಬ್ಳ್ ಬೇಕಲೆ ಅಂಬ್ರ್ ಊರೋರ್. ನೀನ್ ಗಂಜಿ ಬೇಯ್ಸುಕಲ್ಲ ಮಗಾ, ಯಂತ್ರ ನಡ್ಸುಕ್ ಹೋಯ್ಕ್!"

ಊರವರು ಅವರಿಗೆ ‘ಚಂದ್ರಲೋಕದ ಹೊಳ್ಳರು’ ಎಂದು ಹೆಸರಿಟ್ಟರು. ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ ಪುಸ್ತಕವನ್ನು ಕೊಳ್ಳುವವರೇ ಇಲ್ಲದೆ, ಅಂಗಡಿ ಭೋಜ ಅದರ ಹಾಳೆ ಹರಿದು ಬೆಲ್ಲ ಕಟ್ಟಿದ. ಅದನ್ನು ಕಂಡು ವನಮಾಲಾ ಅತ್ತಾಗಲೂ ಹೊಳ್ಳರು ನಕ್ಕಿದ್ದರು.

"ಇರ್ಲಿ ಬಿಡ್ ಮಗಾ. ಬೆಲ್ಲ ತಿಂಬವ ಒಂದ್ ಸಾಲಾರೂ ಓದ್ತ."

ಅಂಥವರನ್ನು ಸಭೆಯಲ್ಲಿ ನಗೆಪಾಟಲು ಮಾಡುವುದೇ? ಛೇ!

ತಿಂಗಳು ಕಳೆಯುವುದರೊಳಗೆ ನಡೆದದ್ದು ಇನ್ನೂ ಚೆಂದ.

"ಹ್ವಾಯ್, ಕೇಂಡ್ರ್ಯಾ?" ಗುಣವತಿ ಗಂಡನನ್ನು ಕರೆದರು. ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯೇ ಇರಲಿಲ್ಲ. ಎಲ್ಲ ಗಂಡಂದಿರ ಹೆಸರೂ ಹ್ವಾಯ್! "ತೆಕ್ಕಟ್ಟೆಯೋರ್ ಹೇಳಿ ಕಳ್ಸಿದ್ರ್. ಹುಡ್ಗಂಗೆ ನಮ್ ಹೆಣ್ಣ್ ಒಪ್ಪಿಗೆ ಅಂಬ್ರ್."

"ಯಾವ್ ಹುಡ್ಗ ಅಮ್ಮಾ?" ವನಮಾಲಾ ಕೇಳಿದಳು.

"ಅವತ್ ರಾಕ್ಷಸನ ಅರ್ಥ ಹೇಳಿದ್ರಲೆ, ಬಾಲಚಂದ್ರ ಮಾಸ್ತ್ರ್."

"ನಂಗ್ ಬ್ಯಾಡ!"

ಐತಾಳರ ಮುಖದ ಖುಷಿ ಜರ್ರನೆ ಇಳಿಯಿತು. "ಎಂತಕೆ ಮಗಾ? ಕಾರಣ ಹೇಳ್."

ಕಾರಣ ಹೇಳುವುದು ಹೇಗೆ? ದೊಡ್ಡಮಾವನ ಹೆಸರೆತ್ತಿದರೆ ಅಮ್ಮ ಮೂರು ದಿನ ಅಳುತ್ತಾಳೆ. ವನಮಾಲಾ ಮತ್ತೊಮ್ಮೆ ‘ಬ್ಯಾಡ’ ಎಂದಷ್ಟೇ ಹೇಳಿದಳು.

"ಆಯ್ತ್. ಮುಂದಿನ ಐತಾರದೊಳಗ್ ಯೋಚ್ನೆ ಮಾಡಿ ಹೇಳ್. ಅವ್ರಿಗೆ ಬಿಜೂರಿಂದ ಬೇರೆ ಸಂಬಂಧ ಬಂದಿತ್ತ್. ಸುಮ್ನೆ ಕಾಯ್ಸುದ್ ಸಮ ಅಲ್ಲ."

ಆ ಇಡೀ ವಾರ ಅವಳಿಗೆ ಅನ್ನ ರುಚಿಸಲಿಲ್ಲ. ‘ದೊಡ್ಡಮಾವನ ಕಥೆಗೆ ನಗುವವನ ಮನೆಯಲ್ಲಿ ಜನ್ಮ ಕಳೆಯುವುದೇ? ನಾನು ಆ ಪುಸ್ತಕ ಬಿಚ್ಚಿದಾಗೆಲ್ಲ ಎದುರು ಕುಳಿತು ನಗುತ್ತಾನೆ... ಸಾಧ್ಯವೇ ಇಲ್ಲ!’

ಅಷ್ಟು ಗಟ್ಟಿಯಾಗಿ ನಿರ್ಧರಿಸಿದ ಮೇಲೆ ನೆಮ್ಮದಿಯಾಗಬೇಕಿತ್ತಲ್ಲ? ಹಾಳಾದ್ದು, ಅವನ ಆ ‘ಹ್ವಾಯ್’ ಮಾತ್ರ ಕಿವಿ ಬಿಟ್ಟು ಹೋಗಲಿಲ್ಲ. ದೊಡ್ಡಮಾವ ಕಥೆ ಓದಿ ಹೇಳುವಾಗ ಹೀಗೆಯೇ, ಇಷ್ಟೇ ಉದ್ದಕ್ಕೆ, ಇಷ್ಟೇ ಆಸೆಯಿಂದ ಕೂಗುತ್ತಿದ್ದರು. ಗೇಲಿ ಮಾಡುವವನಿಗೆ ಆ ದನಿ ಎಲ್ಲಿಂದ ಬಂತು?

ಶನಿವಾರ ಮಧ್ಯಾಹ್ನ. ನಾಳೆ ಬೆಳಗಾದರೆ ಉತ್ತರ ಹೇಳಬೇಕು.

ಅಂಗಳದಲ್ಲಿ ಧಡಾರ್ ಎಂದು ಸೈಕಲ್ಲು ಬಿದ್ದ ಸದ್ದು!

"ಐತಾಳ್ರೇ! ಹ್ವಾಯ್, ಐತಾಳ್ರೇ!"

ವನಮಾಲಾ ಕಿಟಕಿಗೆ ಓಡಿದಳು. ಬಾಲಚಂದ್ರ! ಕುಂದಾಪುರದಿಂದ ಒಂದೇ ಉಸಿರಿಗೆ ತುಳಿದುಕೊಂಡು ಬಂದಿದ್ದಾನೆ. ಪಂಚೆಯ ತುಂಬ ಕೆಮ್ಮಣ್ಣು, ಕೈಯಲ್ಲಿ ಪೇಪರು.

"ಮರಾಯ್ರೆ, ಮೊದ್ಲ್ ಉಸ್ರ್ ತಕಣಿ!" ಐತಾಳರು ಗಾಬರಿಯಾಗಿ ಎದ್ದು ಬಂದರು.

"ಉಸ್ರ್ ತಕಂಬುಕ್ ಪುರ್ಸೊತ್ತಿಲ್ಲ! ಅಮೆರಿಕದವ್ರ್ ಚಂದ್ರನಿಗೆ ರೇಡಿಯೋ ಅಲೆ ಕಳ್ಸಿದ್ರಂಬ್ರ್. ಅದ್ ಚಂದ್ರನ್ನ ಮುಟ್ಟಿ ತಿರ್ಗಿ ಬಂತಂಬ್ರ್! ಹೋಯಿ ಬಪ್ಪುಕೆ ಎರಡೂವರೆ ಸೆಕೆಂಡ್! ಐತಾಳ್ರೇ... ಹೊಳ್ಳರ್ ಬರ್ದದ್ ಆಯ್ತ್! ಅವ್ರ್ ಹೇಳದ್ ಹಾಂಗೇ ಆಯ್ತ್!"

ಐತಾಳರು ಅವನ ಕೈ ಹಿಡಿದು ಚಾವಡಿಗೆ ಕರೆತಂದರು.

ಬಾಲಚಂದ್ರ ಕಣ್ಣು ಮುಚ್ಚಿ, ಪುಸ್ತಕವಿಲ್ಲ ಕಾಗದವಿಲ್ಲ, ಹಾಗೆಯೇ ಹೇಳತೊಡಗಿದ. "‘ಯಂತ್ರದ ಬಾಯಿಗೆ ಬಾಯಿಟ್ಟು ಚಂದ್ರನಿಗೊಂದು ಹ್ವಾಯ್ ಕಳಿಸಿದೆ. ಎಲೆಗೆ ಸುಣ್ಣ ಹಚ್ಚುವುದರೊಳಗೆ ಅದು ನನ್ನ ಬಳಿಗೆ ಮರಳಿತು. ಆಗ ನನಗೆ...’"

ಮುಂದೆ ಹೇಳಲಾಗದೆ ಅವನ ದನಿ ಒಡೆಯಿತು.

"‘...ಆಗ ನನಗೆ, ಈ ಲೋಕದಲ್ಲಿ ನಾನೊಬ್ಬನೇ ಅಲ್ಲ ಅನ್ನಿಸಿತು.’"

ಸಾಲು ಮುಗಿಸಿದ್ದು ವನಮಾಲಾ! ಹೊಸಿಲು ದಾಟಿ, ಅಪ್ಪಯ್ಯ ಎದುರಿಗಿದ್ದಾರೆ ಎನ್ನುವುದನ್ನೂ ಮರೆತು ಚಾವಡಿಗೆ ಬಂದು ನಿಂತಿದ್ದಳು.

"ನಿಮ್ಗೆ... ಇದ್ ಬಾಯಿಪಾಠ ಹ್ಯಾಂಗ್ ಬಂತ್?"

"ಬೆಲ್ಲದ ಕಾಗ್ದ," ಎಂದ ಅವನು ಮೆಲ್ಲಗೆ. "ನಂಗೆ ಹತ್ತ್ ವರ್ಷ ಇಪ್ಪತಿಗೆ ಭೋಜನ್ ಅಂಗ್ಡಿಂದ ಬೆಲ್ಲ ತಂದಿದ್ದೆ. ಬೆಲ್ಲ ಅಬ್ಬೆಗ್ ಕೊಟ್ಟೆ, ಕಾಗ್ದ ನಾನ್ ಇಟ್ಕಂಡೆ. ಅವತ್ತಿಂದ ನಂಗೆ ಹೊಳ್ಳರ್ದೇ ಹುಚ್ಚ್."

‘ಬೆಲ್ಲ ತಿಂಬವ ಒಂದ್ ಸಾಲಾರೂ ಓದ್ತ...’ ದೊಡ್ಡಮಾವ ಅಂದು ಹೇಳಿದ್ದು ಇವನ ಬಗ್ಗೆಯೇ!

"ಹಾಂಗಾರೆ ಅವತ್ ಸಭೆಲಿ ನೆಗಾಡದ್ ಎಂತಕೆ? ಹೇಳಿ!"

ಬಾಲಚಂದ್ರ ತಲೆ ತಗ್ಗಿಸಿದ. "ಅದ್ ನನ್ನದೇ ತಪ್ಪ್. ಬಿಡಿ."

"ಅವ ಹೇಳುದಿಲ್ಲ ಮಗಾ. ನಾನೇ ಹೇಳ್ತೆ," ಎಂದರು ಐತಾಳರು. ಅವರ ಕಣ್ಣು ತುಂಬಿತ್ತು. "ಅರ್ಥ ಹೇಳುವಾಗ ಒಬ್ಬ ಚುಚ್ಚಿ ಕೇಂಬ್ದ್ ಎಂತಕೆ? ಎದ್ರಿನವ ಅದನ್ನೇ ಹಿಡ್ಕಂಡ್ ಗೆಲ್ಲುಕೆ. ಊರೋರೆದ್ರಿಗೆ ಭಾವಯ್ಯನ್ನ ಬಾಯ್ತುಂಬ ಹೊಗಳ್ಲಿ ಅಂದೇಳಿ ಇವ ನಂಗೆ ದಾರಿ ಮಾಡಿ ಕೊಟ್ಟದ್. ಭಾವಯ್ಯನ ಹೆಸ್ರ್ ಕೇಂಡದ್ದೇ ನನ್ ಗಂಟ್ಲ್ ಕಟ್ಟಿತ್. ಮಾತೇ ಹೊರಡ್ಲಿಲ್ಲ. ಭಾಗವತ್ರ್ ಪದ ಎತ್ತಿ ಬಿಟ್ರ್... ನೆಗಾಡದ್ ಮಾತ್ರ ಉಳೀತ್."

ಅಯ್ಯೋ ದೇವರೇ! ಪಾತ್ರ ಆಡಿದ ಮಾತನ್ನು ಮನುಷ್ಯನ ಮೇಲೆ ಹೊರಿಸಿ, ಬಾವಿಕಟ್ಟೆಯಲ್ಲಿ ನಿಲ್ಲಿಸಿ ಬೈದುಬಿಟ್ಟೆನಲ್ಲ! ವನಮಾಲಾಗೆ ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಅನ್ನಿಸಿತು.

"ನಂಗ್ ಅವತ್ತೇ ಹೇಳುಕಾತಿತ್ತಲೆ?"

"ಹಿರೇರ್ ಸಭೆಲಿ ಮಾತ್ ನಿಲ್ಸಿದ್ರ್ ಅಂತ ಮಗಳೆದ್ರಿಗೆ ಹ್ಯಾಂಗ್ ಹೇಳುದ್? ನೀವ್ ನಂಗ್ ಬೈದ್ರೆ ಅಡ್ಡಿಲ್ಲ ಅಂದ್ಕಂಡೆ. ಹೊಳ್ಳರಿಗಾಯಿ ಸಿಟ್ಟ್ ಮಾಡುವವ್ರ್ ಒಬ್ರ್ ಸಿಕ್ಕಿದ್ರಲೆ ಅಂದೇಳಿ ಅವತ್ ಬೈಸ್ಕಂಡೂ ನೆಗಾಡ್ದೆ." ಅವನು ಪೇಪರನ್ನು ಅವಳ ಕಡೆ ಚಾಚಿದ. "ನಾಳಿ ನೀವ್ ಬ್ಯಾಡ ಅಂತ್ರಿ ಅಂದೇಳಿ ನಂಗ್ ಗೊತ್ತಿತ್ತ್. ಆರೂ ಈ ಸುದ್ದಿ ನಿಮ್ಗೇ ಮೊದ್ಲ್ ಹೇಳ್ಕ್ ಅನ್ಸ್ತ್. ನಿಮ್ಮಷ್ಟ್ ಖುಷಿ ಪಡುವವ್ರ್ ಬೇರೆ ಯಾರ್ ಇದ್ರ್?"

ವನಮಾಲಾ ಪೇಪರನ್ನು ಎದೆಗೊತ್ತಿಕೊಂಡಳು. ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಪ್ಪಯ್ಯನ ಕಡೆ ತಿರುಗಿದಳು.

"ಅಪ್ಪಯ್ಯ, ನಿಮ್ ಉತ್ತರ ಬಾಕಿ ಇತ್ತಲ್ದಾ? ನಾಳಿ ಕೊಡಿ. ಅವತ್ ನೆಗಾಡಿದವ್ರೆಲ್ಲ ಬಂದ್ ಕೇಣ್ಕ್. ನನ್ ಉತ್ತರ ಅದಾದ್ಮೇಲೆ!"

ಭಾನುವಾರ ಐತಾಳರ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಂದ್ರ ಓಗೊಟ್ಟ ಸುದ್ದಿ ಒಂದೇ ದಿನದಲ್ಲಿ ಇತ್ತ ಕೋಟ, ಅತ್ತ ಬ್ರಹ್ಮಾವರದವರೆಗೂ ಹೋಗಿತ್ತು. ಭಾಗವತರು ಅದೇ ಪದ ಹಾಡಿದರು. ಬಾಲಚಂದ್ರ ಅದೇ ಮಾತು ಎಸೆದ.

"...ಚಂದ್ರ ಓಗೊಡುತ್ತಾನೆಂದು ಕಥೆ ಬರೆದರಂತೆ! ನೀನು ಅವರ ಶಿಷ್ಯನೋ?"

ಈ ಸಲ ಯಾರೂ ನಗಲಿಲ್ಲ. ಒಳಬಾಗಿಲಲ್ಲಿ ವನಮಾಲಾ ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ‘ಅಪ್ಪಯ್ಯಾ... ಹೇಳಿ!’

ಐತಾಳರು ಗಂಟಲು ಸರಿಮಾಡಿಕೊಂಡರು.

"ಹೌದು ರಾಕ್ಷಸರಾಜ! ನಾನು ಆ ಹೊಳ್ಳರ ಶಿಷ್ಯ! ಕಾಲಿನಿಂದ ಸಮುದ್ರ ದಾಟಿದ್ದು ದೊಡ್ಡದಲ್ಲ. ಈ ಚಿಮಣಿದೀಪದ ಬುಡದಲ್ಲಿ ಕುಳಿತು, ಮನಸ್ಸಿನಿಂದ ಆಕಾಶ ದಾಟಿದರಲ್ಲ, ಅದು ದೊಡ್ಡದು! ನೀವೆಲ್ಲ ನಕ್ಕಿರಿ. ಅವರು ಬರೆದರು. ನೀವು ಮರೆತಿರಿ. ಅವರು ಹೊರಟುಹೋದರು. ಆದರೆ ಕೇಳು, ಕೂಗಿದ್ದಾಯಿತು! ಚಂದ್ರ ಓಗೊಟ್ಟದ್ದೂ ಆಯಿತು! ನಾಳೆ ಅಲ್ಲಿಗೆ ಮನುಷ್ಯ ಹೋಗುತ್ತಾನೆ. ಹೋದವನು ಯಾವ ದೇಶದವನೇ ಆಗಲಿ, ಅವನಿಗೂ ಮೊದಲು ನಮ್ಮ ಸಾಲಿಗ್ರಾಮದ ಒಬ್ಬರು ಅಲ್ಲಿಗೆ ಹೋಗಿ ಬಂದಿದ್ದಾರೆ!"

ಈಗ ರಾಕ್ಷಸರಾಜ ತಿರುಗೇಟು ಕೊಡಬೇಕು. ತಾಳಮದ್ದಲೆಯಲ್ಲಿ ಸೋಲನ್ನು ಬಾಯಿಬಿಟ್ಟು ಒಪ್ಪುವವರುಂಟೇ?

ಬಾಲಚಂದ್ರ ಕೈ ಮುಗಿದ. ಕಣ್ಣು ಒಳಬಾಗಿಲಿನತ್ತ ಹೊರಳಿತು.

"ಸೋತೆ," ಎಂದ.

ಎಂಥಾ ಚಪ್ಪಾಳೆ! ಭಾಗವತರು ತಾಳ ಹಾಕುವುದನ್ನೇ ಮರೆತರು. ಗುಣವತಿ ಬಿಕ್ಕಿ ಬಿಕ್ಕಿ ಅತ್ತರು, ಆದರೆ ಮೂರು ವರ್ಷದಲ್ಲಿ ಮೊದಲ ಸಲ ಖುಷಿಯಿಂದ. ಮುದುಕ ಭೋಜ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಐತಾಳ್ರೇ, ಹೊಳ್ಳರ ಪುಸ್ತಕ ಇದ್ರೆ ನಂಗೊಂದ್ ಕೊಡಿ. ಕಟ್ಟುಕಲ್ಲ ಮರಾಯ್ರೆ... ಓದುಕೆ!"

ಸಂಜೆ ಜನ ಕರಗಿತು. ಬಾಲಚಂದ್ರ ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದ. ಪಡುವಣದ ತೆಂಗಿನ ಮರಗಳ ಮೇಲೆ ಎಳೆಚಂದ್ರ ಕಾಣಿಸಿಕೊಂಡಿದ್ದ.

ವನಮಾಲಾ ಬಂದಳು. ಇಂದು ಸಿಟ್ಟಿಲ್ಲ, ಆದರೂ ಮೂಗಿನ ತುದಿ ಕೆಂಪು.

"ತಂಬಿಗೆ ಗಟ್ಟಿ ಹಿಡ್ಕಣಿ. ಅವತ್ ಬಿದ್ದದ್ ಇನ್ನೂ ನೆಗ್ಗಿಯೇ ಇತ್ತ್."

ಅವನು ನಕ್ಕ. "ನಿಮ್ ಉತ್ತರ ಬಾಕಿ ಇತ್ತಲೆ... ಬಿಜೂರಿಗೆ ಎಂತ ಹೇಳಿ ಕಳ್ಸುದ್?"

ಅವಳು ತಿರುಗಿ ಮನೆಯ ಮೆಟ್ಟಿಲವರೆಗೆ ನಡೆದೇ ಬಿಟ್ಟಳು. ಬಾಲಚಂದ್ರ ತಂಬಿಗೆ ಕೆಳಗಿಟ್ಟ. ‘ಮುಗಿಯಿತು... ಬೇಡವೆಂದಳು...’

ಮೆಟ್ಟಿಲ ಮೇಲೆ ನಿಂತು ಅವಳು ಹಿಂದೆ ನೋಡಿದಳು. ಅಮ್ಮ ಅಪ್ಪಯ್ಯನನ್ನು ಕರೆಯುವಂತೆ, ಸಣ್ಣ ದನಿಯಲ್ಲಿ, ನಾಚಿಕೊಂಡು...

"ಹ್ವಾಯ್..."

"ಓ!"

"ಎಲೆಗೆ ಸುಣ್ಣ ಹಚ್ಚುವಷ್ಟ್ ಹೊತ್ತೂ ಆಯ್ಲಿಲ್ಲ!" ಅವಳು ಕಣ್ಣೀರಿನ ನಡುವೆಯೇ ನಕ್ಕಳು.

"ಚಂದ್ರ ದೂರ ಇತ್ತ್ ಮಾರಾಯ್ತಿ," ಎಂದ ಬಾಲಚಂದ್ರ. "ನಾನ್ ಇಲ್ಲೇ ಇದ್ದೆ."