ಹನ್ನೆರಡನೆಯ ಫೋಟೊದ ಬೆಳಕು

ಸಮ್ಮೇದನಿಗೆ ಫೋಟೊ ತೆಗೆಯಲು ಬರುವುದಿಲ್ಲ ಎಂದು ನಾನು ತೀರ್ಮಾನ ಮಾಡಿದ್ದು 2008ರ ಫೆಬ್ರುವರಿಯ ಒಂದು ಸೋಮವಾರ. ಅಷ್ಟು ಹೊತ್ತಿಗೆ ಅವನ ಮೇಲೆ ಮನಸ್ಸಾಗಿ ಆರು ತಿಂಗಳಾಗಿತ್ತು, ಅದು ಬೇರೆ ಮಾತು.

ಗೋಕಾಕದ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರಿಗೆ ಕೂರುವವಳು. ಸಮ್ಮೇದ ಮೂಡಲಗಿಯವನು, ಮದುವೆಗಳಲ್ಲಿ ಫೋಟೊ ತೆಗೆದು, ಕ್ಯಾಮೆರಾದ ಮೆಮೊರಿ ಕಾರ್ಡು ತಂದು ನನ್ನ ಮೇಜಿನ ಮೇಲಿಡುವವನು. ಹಂದರದ ಕೆಳಗೊಂದು ಬೆಳಕು, ಬಯಲಲ್ಲೊಂದು ಬೆಳಕು. ಅಕ್ಕಿಕಾಳು ಹಾಕುವ ಹೊತ್ತಿನ ಇಪ್ಪತ್ತು ಫೋಟೊಗಳಲ್ಲಿ ಅದೇ ಮದುಮಗಳು ಒಮ್ಮೆ ಕಪ್ಪು, ಒಮ್ಮೆ ಬಿಳಿ. ಅದನ್ನೆಲ್ಲ ಒಂದೇ ಹದಕ್ಕೆ ತರುವುದು ನನ್ನ ಕೆಲಸ. ಬೆಳಕು ಸರಿಯಿರುವ ಒಂದು ಫೋಟೊ ಆರಿಸಿ, ಉಳಿದವನ್ನು ಅದಕ್ಕೆ ಹೊಂದಿಸು ಎಂದು ಸಾಫ್ಟ್‌ವೇರಿಗೆ ಹೇಳಿದರೆ ಸಾಲೆಲ್ಲ ಸಮನಾಗುತ್ತದೆ. ಆದರೆ ಚೆನ್ನಾಗಿ ಆಗಬೇಕಾದರೆ ರಾ ಫೈಲೇ ಬೇಕು. ಕ್ಯಾಮೆರಾ ಕಂಡದ್ದನ್ನೆಲ್ಲ ಹಸಿಹಸಿಯಾಗಿ ಇಟ್ಟುಕೊಳ್ಳುವ ಫೈಲು ಅದು. ಕತ್ತಲಲ್ಲಿ ಮುಳುಗಿದ ಮುಖವನ್ನೂ ಎತ್ತಿ ತರಬಹುದು. ರಾದಲ್ಲೇ ತೆಗೆಯಿರಿ ಎಂದು ಸಮ್ಮೇದನ ತಲೆ ತಿಂದು ತಿಂದು ಆ ಚಟ ಹಚ್ಚಿದವಳೂ ನಾನೇ.

ಆ ಸೋಮವಾರದ ಹಿಂದಿನ ದಿನ, ಭಾನುವಾರ ಮಾತ್ರ ಅವನ ಕ್ಯಾಮೆರಾದ ಮುಂದೆ ನಿಂತವಳು ನಾನು. ಹುಕ್ಕೇರಿಯಿಂದ ಸಂಬಂಧವೊಂದು ಬಂದಿತ್ತು, ಹುಡುಗಿಯ ಫೋಟೊ ಕಳಿಸಿ ಎಂದಿದ್ದರು. ಸಮ್ಮೇದನ ಮನೆತನ ಅಪ್ಪನಿಗೆ ಗೊತ್ತಿದ್ದದ್ದೇ, ಬಸದಿಯಲ್ಲಿ ಆಗಾಗ ಸಿಗುವವರು. ಹಾಗಾಗಿ ಅವನಿಗೇ ಹೇಳಿದರು. ಧುಪದಾಳದ ಒಡ್ಡಿನ ಹತ್ತಿರ ಹಸಿರು ಸೀರೆಯುಟ್ಟು ನಿಂತೆ. ಈಗಲಾದರೂ ಒಂದು ಮಾತು ಆಡುತ್ತಾನೇನೋ ಎಂದು ಕಾದೆ. ಗದ್ದ ಸ್ವಲ್ಪ ಎತ್ತಿರಿ ಎಂದ, ಅಷ್ಟೇ. ಕೊನೆಗೆ ತಡೆಯಲಾರದೆ, ಬೇಗ ಮುಗಿಸಿ ಎಂದು ಬೆರಳೆತ್ತಿ ಬೈದೆ. ಪುಣ್ಯಾತ್ಮ ಅದನ್ನೂ ಕ್ಲಿಕ್ ಮಾಡಿಕೊಂಡ.

ಸೋಮವಾರ ಕಾರ್ಡು ತೆರೆದರೆ ಹನ್ನೆರಡು ಫೋಟೊ, ಅದರಲ್ಲಿ ಹನ್ನೊಂದು ಇದ್ದಿಲು. ನಾಲ್ಕು ಗಂಟೆಗೆ ಅಪ್ಪ ಬಂದು ಪ್ರಿಂಟು ತೆಗೆದುಕೊಂಡು ಹುಕ್ಕೇರಿ ಬಸ್ಸು ಹತ್ತುವವರಿದ್ದರು. ಗೊಣಗುತ್ತ ಫೋಟೊಗಳ ಮಾಹಿತಿ ನೋಡಿದೆ. ಯಾವ ಸೆಟ್ಟಿಂಗಿನಲ್ಲಿ ತೆಗೆದದ್ದು ಎಂದು ಕ್ಯಾಮೆರಾ ತಾನೇ ಬರೆದಿಟ್ಟಿರುತ್ತದೆ. ನಾನು ಸುಮ್ಮನೆ ನಿಂತದ್ದಕ್ಕೆ ಎಕ್ಸ್‌ಪೋಷರ್, ಅಂದರೆ ಬೆಳಕಿನ ಅಳತೆ, ಮೈನಸ್ ಒಂದು. ತುಸು ನಕ್ಕದ್ದಕ್ಕೆ ಮೈನಸ್ ಎರಡು. ಸೆರಗು ಹಿಡಿದು ಮನಸಾರೆ ನಕ್ಕದ್ದಕ್ಕೆ ಮೈನಸ್ ಮೂರು. ಕೈತಪ್ಪಿ ಆದದ್ದಲ್ಲ, ಒಂದೊಂದಕ್ಕೂ ಬೇರೆ ಬೇರೆಯಾಗಿ ಗುಂಡಿ ತಿರುಗಿಸಿದ್ದಾನೆ. ನಾನು ಚೆಂದ ಕಂಡಷ್ಟೂ ಕತ್ತಲೆ ಮಾಡಿದ್ದಾನೆ. ಹನ್ನೆರಡನೆಯದು, ಮೂಗು ಅರಳಿಸಿ ಬೈಯುತ್ತಿರುವುದು, ಅದೊಂದೇ ಸೊನ್ನೆ. ಮೂಗುತಿಯ ಹರಳು ಕೂಡ ಎಣಿಸಬಹುದು, ಅಷ್ಟು ಬೆಳಕು.

ಇಷ್ಟು ದಿನ ಬಾಯಿ ಬಿಡದ ಅವನ ಮೇಲೆ ಸಿಟ್ಟು ಬಂತು, ಆ ಸಿಟ್ಟಿನೊಳಗೇ ಕುಣಿಯುವಷ್ಟು ಖುಷಿಯೂ ಆಯಿತು. ಫೋನ್ ಮಾಡಿ ಕರೆಸಿದೆ.

ಮೂರೂವರೆಗೆ ಬೈಕಿನ ಕೀಲಿ ತಿರುವುತ್ತ ಬಂದು ನಿಂತ. ಮಾತಾಡದೆ, ಬೈಯುವ ಫೋಟೊವನ್ನು ಆರಿಸಿ, ಹನ್ನೊಂದನ್ನೂ ಅದಕ್ಕೆ ಹೊಂದಿಸಿದೆ. ಒಂದೊಂದಾಗಿ ಸಾಲೆಲ್ಲ ಬೆಳಗಿತು. ಅವನ ಮುಖ ಮಾತ್ರ ಕಪ್ಪಿಟ್ಟಿತು.

"ಕೆಡಸೋದ ಇದ್ರ ರಾದಾಗ ಯಾಕ ತಗದ್ರಿ?" ಎಂದೆ.

"ಚಟಾ ರೀ. ನೀವ ಹಚ್ಚಿದ್ದು."

ನಗು ಬಂದದ್ದನ್ನು ನುಂಗಿಕೊಂಡೆ. "ಇವನ್ನ ಹುಕ್ಕೇರಿಗೆ ಕಳಸ್ಲೋ ಬ್ಯಾಡೋ, ಹೇಳ್ರಿ. ಅಪ್ಪ ಇನ್ನೇನು ಬರ್ತಾರ."

ಕೀಬೋರ್ಡು ನೋಡಿದ, ಮೌಸಿನ ಮೇಲಿದ್ದ ನನ್ನ ಕೈ ನೋಡಿದ. ಆಮೇಲೆ, ನಡುವೆ ಕ್ಯಾಮೆರಾ ಇಲ್ಲದೆ, ಮೊದಲ ಸಲ ನನ್ನನ್ನೇ ನೋಡಿದ. ನಾನೂ ಕಣ್ಣು ತೆಗೆಯಲಿಲ್ಲ.

"ಬ್ಯಾಡ್ರಿ. ನೋಡಿದ್ರ ಅವರು ಒಪ್ಪತಾರ. ನಿಮ್ಮ ಮ್ಯಾಲ ನನಗ ಭಾಳ ಜೀವ ಐತ್ರಿ ಶುಭಾಂಗಿ. ಹೇಳಾಕ ಧೈರ್ಯ ಆಗ್ಲಿಲ್ಲ."

ಹಾಗಾದರೆ ಬೈಯುವ ಫೋಟೊ ಯಾಕೆ ಉಳಿಸಿದಿರಿ ಎಂದು ಕೇಳಿದೆ. ಅದನ್ನು ಕಂಡರೆ ಹುಕ್ಕೇರಿಯವರು ಹೆದರಿ ಓಡಲಿ ಎಂದಂತೆ. ಕೀಲಿ ಜೇಬಿಗೆ ಹಾಕಿಕೊಂಡು, "ನನಗ ಮಾತ್ರ ಅದ ಬೇಕಿತ್ತು" ಎಂದ.

ಅಪ್ಪ ಬರುವ ಹೊತ್ತಿಗೆ ಅದೊಂದನ್ನೇ ಪ್ರಿಂಟ್ ತೆಗೆದಿದ್ದೆ. ಅವರ ಕೈಗೆ ಕೊಟ್ಟೆ.

"ಅಪ್ಪಾ, ಇದು ಹುಕ್ಕೇರಿಗೆ ಬ್ಯಾಡ. ಮೂಡಲಗಿಗೆ ಹೋಗ್ಲಿ."

ಅಪ್ಪ ಫೋಟೊ ನೋಡಿದರು. ಗೋಡೆಗಾತು ಬೆವರುತ್ತಿದ್ದ ಮೂಡಲಗಿಯವನನ್ನು ನೋಡಿದರು. ಆಮೇಲೆ ಮೀಸೆಯಲ್ಲೇ ನಕ್ಕು ಕೇಳಿದರು, "ಇದ್ರಾಗ ಬೈಯಾಕತ್ತಿಯಲ್ಲವ್ವಾ. ಅವರ ಮನ್ಯಾಗ ಏನಂದಾರು?"

ಸಮ್ಮೇದ ಮುಂದೆ ಬಂದು ಎರಡೂ ಕೈಯಿಂದ ಫೋಟೊ ಇಸಿದುಕೊಂಡ.

"ಇರ್ಲಿ ಬಿಡ್ರಿ ಕಾಕಾ, ಬೆಳಕು ಬರೋಬರಿ ಐತಿ."