ಟಕ್ ಅನ್ನದ ಎಂಜಿನ್

ಢಂ!

ಮನೆಯ ಬಾಗಿಲು ಮತ್ತೊಂದು ಒದೆ ತಿಂದಿತು. ಒಳಗಿರುವುದು ಭಾವ. ಹೊರಗಿನಿಂದ ಚಿಲಕ ಹಾಕಿದವಳು ನಾನು.

ಅಂಗಳದ ಕಾರಿನಲ್ಲಿ ಅಕ್ಕ. ತುಟಿ ಒಡೆದಿತ್ತು. ಕಾಲು ಊದಿತ್ತು... ಅವಳು ನಾಲ್ಕು ಹೆಜ್ಜೆ ನಡೆಯುವಂತಿದ್ದರೆ ಈ ದರಿದ್ರ ಗಾಡಿಯ ಹಂಗು ಯಾರಿಗೆ ಬೇಕಿತ್ತು?

"ಕೀ ತಿರುಗಿಸಕ್ಕಾ!"

ಅವಳು ಪಕ್ಕದ ಸೀಟಿನಿಂದಲೇ ಬಾಗಿದಳು. "ತಿರುಗಿಸ್ತಾನೇ ಇದೀನಿ ಕಣೇ. ಉಸಿರೇ ಇಲ್ಲ ಇದಕ್ಕೆ!"

ಕಿಟಕಿಯ ಸರಳಿನ ಹಿಂದೆ ನಗು.

"ಏನಾಯ್ತು ಮೆಕ್ಯಾನಿಕ್ ಮೇಡಂ? ತಳ್ಕೊಂಡು ಹೋಗ್ತೀರಾ?"

ಆಟೊಮ್ಯಾಟಿಕ್ ಗಾಡಿ. ತಳ್ಳಿದರೆ ಸ್ಟಾರ್ಟ್ ಆಗುವ ಜಾತಿಯಲ್ಲ. ಅದು ಅವನಿಗೂ ಗೊತ್ತು.

ನನ್ನ ಮೈ ಉರಿದುಹೋಯಿತು. ನಗ್ತಾನೆ ಅಂದರೆ... ಇದು ಅವನದೇ ಕೈವಾಡ!

ಸಿಟ್ಟಿಗೆ ಟೈರು ಒದೆಯುವವರನ್ನು ಗ್ಯಾರೇಜಿನಲ್ಲಿ ದಿನಾ ನೋಡುತ್ತೇನೆ. ಒದೆಗೆ ಯಾವ ಎಂಜಿನ್ನೂ ಬಗ್ಗಲ್ಲ. ಹೆಡ್‌ಲೈಟ್ ಹಾಕಿದೆ. ಗೇಟಿನಾಚೆ, ಎದುರಿನ ಶೆಡ್ಡಿನ ಕತ್ತಲ ಗೋಡೆ ಬೆಳ್ಳಗಾಯಿತು.

"ಗೇರು ಪಾರ್ಕ್‌ನಲ್ಲಿದೆ ತಾನೆ?"

"ಇದೆ."

"ಈಗ ತಿರುಗಿಸು."

ಬೆಳಕು ಒಂದಿಷ್ಟೂ ಕುಂದಲಿಲ್ಲ. ಬ್ಯಾಟರಿ ಗಟ್ಟಿಯಾಗಿದೆ. ಆದರೆ ಸ್ಟಾರ್ಟರ್ ಮೋಟಾರು 'ಟಕ್' ಅನ್ನಲೂ ಇಲ್ಲ. ಅಂದರೆ ಕರೆಂಟು ಅಲ್ಲಿಗೆ ತಲುಪುತ್ತಲೇ ಇಲ್ಲ!

ಢಂ! ಬಾಗಿಲ ಹಲಗೆ ಸೀಳಿತು.

"ಬೇಗ ಮಾಡೇ... ಬಂದ್ಬಿಡ್ತಾನೆ!"

"ಬರಲಿ! ಸ್ಪ್ಯಾನರ್ ನನ್ನ ಕೈಯಲ್ಲೇ ಇದೆ."

ಬಾನೆಟ್ ಎತ್ತಿದೆ. ಫ್ಯೂಸ್ ಬಾಕ್ಸಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಕಿತ್ತೆ.

ಒಂದು ಜಾಗ ಖಾಲಿ!

ಸ್ಟಾರ್ಟರ್ ರಿಲೇ. ಬೆರಳತುದಿಯಷ್ಟು ಕಪ್ಪು ಡಬ್ಬಿ. ಕೀ ತಿರುಗಿಸಿದ್ದನ್ನು ಮೋಟಾರಿಗೆ ಮುಟ್ಟಿಸುವುದೇ ಅದು. ಈಗ ಭಾವನ ಜೇಬಿನಲ್ಲಿರಬೇಕು.

ಪಕ್ಕದಲ್ಲೇ ಅದರ ಅವಳಿಯಂಥ ಇನ್ನೊಂದು. ಹಾರ್ನಿನದು. ಅದೇ ಅಳತೆ, ಅವೇ ಕಾಲುಗಳು, ಮೇಲೆ ಅದೇ ನಂಬರು! ಅಯ್ಯೋ ಭಾವ, ಹಾಳು ಮಾಡೋ ಕೆಲಸವನ್ನೂ ಅರೆಬರೆ ಮಾಡಿದ್ದೀರಲ್ಲ!

ಕಿತ್ತು ಖಾಲಿ ಜಾಗಕ್ಕೆ ಒತ್ತಿದೆ.

"ತಿರುಗಿಸು!"

ಎಂಜಿನ್ ಗುಡುಗಿತು. ಅದೇ ಹೊತ್ತಿಗೆ ಬಾಗಿಲೂ ಬಿತ್ತು!

ಬಾನೆಟ್ ಬಡಿದು ಸ್ಟೇರಿಂಗ್ ಹಿಂದೆ ಹಾರಿ ಕೂತೆ. ಗೇಟಿಗೆ ಅಡ್ಡ ಭಾವ. ಕೈಯಲ್ಲಿ ಕುರ್ಚಿಯ ಮುರಿದ ಕಾಲು.

"ಹಾರ್ನ್ ಹೊಡಿಯೇ!"

"ಹಾರ್ನ್ ಈಗ ಬೇರೆ ಡ್ಯೂಟಿಯಲ್ಲಿದೆ."

ಗೇರು ಡ್ರೈವ್‌ಗೆ ಎಳೆದು ಬ್ರೇಕ್ ಬಿಟ್ಟೆ. ಗಾಡಿ ಮುಂದೆ ಸರಿಯಿತು. ಅವನು ಅಲ್ಲಾಡಲಿಲ್ಲ. ನಾನೂ ನಿಲ್ಲಿಸಲಿಲ್ಲ. ಬಂಪರ್ ಮೊಣಕಾಲಿಗೆ ತಾಗಿದಾಗ... ಗಂಡಸುತನ ಪಕ್ಕಕ್ಕೆ ನೆಗೆದು ಕಸದ ಡ್ರಮ್ಮಿನ ಮೇಲೆ ಬಿತ್ತು!

ಎದ್ದವನೇ ಓಡಿ ಬಂದು ಅಕ್ಕನ ಕಡೆಯ ಗಾಜು ಗುದ್ದಿದ.

"ಗಾಡಿ ನನ್ನ ಹೆಸರಲ್ಲಿದೆ! ಇಬ್ಬರನ್ನೂ ಪೊಲೀಸ್ ಸ್ಟೇಷನ್ನಿಗೆ ಎಳೆಸ್ತೀನಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಗಾಜನ್ನು ಬೆರಳಗಲ ಇಳಿಸಿದಳು. ಒಡೆದ ತುಟಿ ನೋಯಿಸಿಕೊಂಡೇ ಹೇಳಿದಳು:

"ನಿಧಾನಕ್ಕೆ ಬನ್ನಿ ರೀ. ನಾನೂ ಅಲ್ಲಿಗೇ ಹೊರಟಿರೋದು."