ಕ್ರಾಕೋವಿನ ಎತ್ತರದ ಗೋಪುರ

"ಒಂದು ಊರು ಕೆತ್ತಿಕೊಡ್ಬೇಕಿತ್ತು..."

ಹೇಮಾವತಿಯ ಕೈಯಲ್ಲಿದ್ದ ಉಳಿ ನಿಂತಿತು. ತಲೆ ಎತ್ತಿದಳು. ಬಾಗಿಲಲ್ಲಿ ನಿಂತಿದ್ದವನ ಕಣ್ಣು ನೇರವಾಗಿ ಅವಳ ಕಣ್ಣನ್ನೇ ಸಂಧಿಸಿತು.

"ಊರಾ? ನಾವು ಗಣಪತಿ, ಆನೆ ಕೆತ್ತೋರು ಮಾರಾಯ್ರೆ. ಊರು ಕೆತ್ತೋರಲ್ಲ!"

"ಪೂರ್ತಿ ಊರು ಬೇಡ. ನಡುಮಧ್ಯದ ಚೌಕ ಒಂದು ಸಾಕು."

ಅವನು ಪೂರ್ಣೇಶ್. ಕೋಣಂದೂರಿನವನು, ಹೊಸನಗರದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಓದಿಗೆಂದು ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಒಂದು ವರ್ಷ ಇದ್ದು ಬಂದಿದ್ದ. ಅಲ್ಲಿನ ದೊಡ್ಡ ಚೌಕವನ್ನು ಶಿವನೆ ಮರದಲ್ಲಿ ಮಾಡಿಸಿ, ಕಾಲೇಜಿನ ಪ್ರದರ್ಶನದಲ್ಲಿ ಇಡಬೇಕೆಂಬ ಹುಚ್ಚು ಹತ್ತಿ ಸಾಗರದಲ್ಲಿ ಮರ ಕೆತ್ತುವ ಗುಡಿಗಾರರ ಬೀದಿಗೆ ಬಂದಿದ್ದ.

ಹೇಮಾವತಿ ಕೂತಲ್ಲಿಂದಲೇ ಕೈ ಚಾಚಿ ಅವನು ತಂದಿದ್ದ ಚೌಕದ ಫೋಟೋ ಇಸಿದುಕೊಂಡಳು. ಏಳಲಿಲ್ಲ.

ಅಹಂಕಾರ ಅಂದುಕೊಂಡಿರಾ? ಪೂರ್ಣೇಶನೂ ಹಾಗೇ ಅಂದುಕೊಂಡ. ನಿಜ ಬೇರೆಯೇ ಇತ್ತು. ನಮ್ಮ ಹೇಮಾವತಿ ಎದ್ದು ನಿಂತರೆ ಐದಡಿ ಹತ್ತಿಂಚು! ಅವಳನ್ನು ನೋಡಲು ಬಂದ ಏಳು ಗಂಡುಗಳೂ ಅವಳು ಕೂತಿರುವಷ್ಟು ಹೊತ್ತು ನಗುನಗುತ್ತಾ ಮಾತಾಡಿ, ಅವಳು ಎದ್ದ ಕೂಡಲೇ ಮಾತು ನಿಲ್ಲಿಸಿದ್ದರು. "ಜೋಡಿ ಸರಿಹೋಗಲ್ಲ" ಅಂತ ಆಮೇಲೆ ಫೋನು. ಬೀದಿಯಲ್ಲಿ ಬೆನ್ನು ಬಗ್ಗಿಸಿ ನಡೆದು ನಡೆದು ಮೂವತ್ತೆರಡು ವರ್ಷಕ್ಕೇ ಬೆನ್ನುನೋವು ಬಂದಿತ್ತು.

ಗುಡಿಗಾರರ ಕೆಲಸದಲ್ಲಿ ಒಂದು ಸುಖವಿದೆ. ನೆಲದ ಮೇಲೆ ಕೂತು, ಪಾದಗಳಲ್ಲಿ ಮರ ಹಿಡಿದು ಕೆತ್ತಬೇಕು. ದಿನವಿಡೀ ಏಳಬೇಕಿಲ್ಲ. ಅಪ್ಪ ತೀರಿಕೊಂಡಿದ್ದರು. ಅಮ್ಮ ಮೀನಾಕ್ಷಮ್ಮ ಕಿರಿಮಗಳ ಬಾಣಂತನಕ್ಕೆ ತೀರ್ಥಹಳ್ಳಿಗೆ ಹೋಗಿದ್ದರು. ಮನೆಯಲ್ಲಿ ಅವಳೊಬ್ಬಳೇ. ಮಧ್ಯಾಹ್ನ ಒಂದು ಲೋಟ ಅಕ್ಕಿ ಬೇಯಿಸಿದರೆ ರಾತ್ರಿಗೂ ಅದೇ ಮಿಕ್ಕುತ್ತಿತ್ತು.

ಅಲ್ಲಿಂದ ಪ್ರತಿ ಶನಿವಾರ ಪೂರ್ಣೇಶ್ ಬಸ್ಸು ಹತ್ತಿ ಬರತೊಡಗಿದ. ಚಾಪೆ ಹಾಸಿಕೊಂಡು ಎದುರಿಗೆ ಕೂರುವುದು, ಚೌಕದ ಕಥೆ ಹೇಳುವುದು.

"ಸಾವಿರದ ಇನ್ನೂರ ಐವತ್ತೇಳರಲ್ಲಿ ಅಳತೆ ಹಾಕಿ ಬಿಟ್ಟ ಜಾಗ ಇದು. ಒಂದೊಂದು ಬದೀನೂ ಹೆಚ್ಚುಕಮ್ಮಿ ಇನ್ನೂರು ಮೀಟರ್."

"ಅಬ್ಬಾ! ಅಷ್ಟು ಜಾಗದಲ್ಲಿ ಎಂತ ಮಾಡ್ತಿದ್ರು?"

"ಸಂತೆ! ನಡುವೆ ಈ ಉದ್ದ ಕಟ್ಟಡ ಇದ್ಯಲ್ಲ, ಅದು ಬಟ್ಟೆ ವ್ಯಾಪಾರಿಗಳದ್ದು. ಒಂದ್ಸಲ ಸುಟ್ಟುಹೋಯ್ತು. ಮತ್ತೆ ಕಟ್ಟುವಾಗ ಮೇಲ್ಗಡೆ ಗೋಡೆ ಮೇಲೆ ಮುಖಗಳನ್ನ ಕೆತ್ತಿದ್ರು. ನೋಡಿ, ಒಂದೊಂದೂ ಹಲ್ಲು ಕಿರಿಯುತ್ತೆ."

ಹೇಮಾವತಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಇಕ್ಕೇರಿ ದೇವಸ್ಥಾನದ ಗೋಡೆಗಳ ಮುಂದೆ ಅಪ್ಪ ಅವಳನ್ನು ಗಂಟೆಗಟ್ಟಲೆ ಕೂರಿಸಿ ಚಿತ್ರ ಬರೆಸುತ್ತಿದ್ದದ್ದು ನೆನಪಾಯಿತು. ಅಲ್ಲೆಲ್ಲೋ ಇದ್ದ ಶಿಲ್ಪಿಗೂ ತಮಾಷೆ ಬುದ್ಧಿ ಇತ್ತಲ್ಲಾ ಎಂದು ಖುಷಿಯಾಯಿತು.

"ಈ ಮೂಲೆಯ ಪುಟ್ಟ ಚರ್ಚು ಯಾಕೆ ಹಳ್ಳಕ್ಕೆ ಇಳಿದ ಹಾಗಿದೆ?"

"ಅದು ಚೌಕಕ್ಕಿಂತ ಹಳೇದು. ಶತಮಾನಗಟ್ಟಲೆ ಸುತ್ತ ಕಲ್ಲು ಹಾಸಿ ಹಾಸಿ ನೆಲ ಮೇಲೆ ಬಂತು, ಅದು ಕೆಳಗೇ ಉಳೀತು. ನಾನು ಅದರ ಪಕ್ಕಾನೇ ಕೂರ್ತಿದ್ದೆ, ಒಬ್ನೇ. ಕನ್ನಡ ಮಾತಾಡೋಕೆ ಒಬ್ರೂ ಇಲ್ಲ. ಪಾರಿವಾಳಕ್ಕೆ 'ಊಟ ಆಯ್ತಾ' ಅಂತ ಕೇಳ್ತಿದ್ದೆ, ಗೊತ್ತಾ!"

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವನು ಅವಳನ್ನೇ ನೋಡುತ್ತಿದ್ದ.

'ಎದ್ದರೆ ಇವನೂ ಹೋಗ್ತಾನೆ... ಏಳಬಾರದು... ಏಳಲೇಬಾರದು...' ಎಂದುಕೊಂಡಳು ಹೇಮಾವತಿ.

ಐದು ಶನಿವಾರ ಹಾಗೇ ಕಳೆಯಿತು. ಚೌಕದ ಅಂಚಿನ ದೊಡ್ಡ ಚರ್ಚಿನ ಜೋಡಿ ಗೋಪುರಗಳ ಕಥೆಯನ್ನು ಮಾತ್ರ ಅವನು ಕೊನೆಗಿಟ್ಟುಕೊಂಡಿದ್ದ.

ಎಡವಟ್ಟಾಗಿದ್ದು ಅಲ್ಲೇ.

ಅವಳ ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಜೋಡಿ ಆನೆಯಿರಲಿ, ಜೋಡಿ ದೀಪದ ಕಂಬವಿರಲಿ, ಕಡ್ಡಿಯಿಟ್ಟು ಅಳೆದು, ಕೂದಲೆಳೆ ಏರುಪೇರಾದರೂ ಮನೆಯಿಂದ ಆಚೆ ಬಿಡುತ್ತಿರಲಿಲ್ಲ. ಫೋಟೋದಲ್ಲಿದ್ದ ಹಾಗೆ ಗೋಪುರಗಳನ್ನು ಕೆತ್ತಿ ಮುಗಿಸಿದ ಹೇಮಾವತಿ ಕಡ್ಡಿ ಇಟ್ಟಳು. ಒಂದು ಗೋಪುರ ಇನ್ನೊಂದಕ್ಕಿಂತ ನಾಲ್ಕು ಬೆರಳು ಎತ್ತರ! ಹೀಗೆ ಕೊಟ್ಟರೆ ಗುಡಿಗಾರರ ಮನೆಯ ಮರ್ಯಾದೆ ಏನಾಗಬೇಕು? ಎತ್ತರದ್ದನ್ನು ಗರಗಸದಿಂದ ಕೊಯ್ದು ಸಮ ಮಾಡಿ, ತುದಿಯ ಕಿರೀಟವನ್ನು ಮತ್ತೆ ಕೂರಿಸಿದಳು.

ಆರನೆಯ ಶನಿವಾರ ಪೂರ್ಣೇಶ್ ಪಿಕಪ್ ಗಾಡಿ ಮಾಡಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಲ್ಲಿಗೆಯ ಪೊಟ್ಟಣ. ಚೌಕದ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದವನು ಹಾಗೇ ನಿಂತುಬಿಟ್ಟ.

"ಎತ್ತರದ್ದನ್ನ ಯಾಕೆ ಕಡಿದ್ರಿ?!"

"ಜೋಡಿ ಅಂದ್ಮೇಲೆ ಸಮ ಇರ್ಬೇಕಲ್ಲ..."

"ಅಯ್ಯೋ, ಅವು ಇರೋದೇ ಹಾಗೆ ಹೇಮಾವತಿಯೋರೆ! ಎತ್ತರದ್ರಲ್ಲೇ ನಿಂತು ಊರು ಕಾಯ್ತಿದ್ರು. ಈಗ್ಲೂ ಗಂಟೆಗೊಂದ್ಸಲ ಅಲ್ಲಿಂದ ಕಹಳೆ ಊದ್ತಾರೆ. ಇಷ್ಟು ಎತ್ತರ ಇರೋದನ್ನ ಯಾರಾದ್ರೂ ಕತ್ತರಿಸ್ತಾರಾ?"

ಅವಳಿಗೆ ಎಲ್ಲಿತ್ತೋ ಸಿಟ್ಟು!

"ಕತ್ತರಿಸ್ತಾರೆ ಮೇಷ್ಟ್ರೇ! ಎತ್ತರ ಇದ್ರೆ ಎಲ್ರೂ ಕತ್ತರಿಸೋಕೇ ನೋಡ್ತಾರೆ!" ಎನ್ನುತ್ತಾ ಎದ್ದು ನಿಂತೇಬಿಟ್ಟಳು.

ಪೂರ್ಣೇಶನ ಕತ್ತು ನಿಧಾನವಾಗಿ ಮೇಲೆ ಹೋಯಿತು. ಬಾಯಿ ತೆರೆದ. ಮಾತು ಬರಲಿಲ್ಲ.

ಎಂಟನೆಯವನು... ಅದೇ ಮೌನ!

ಅವನು ತಲೆ ತಗ್ಗಿಸಿ, ಚೌಕ ಕೂರಿಸಿದ್ದ ಹಲಗೆಯನ್ನು ಗಾಡಿಗೆ ಹಾಕಿಸಿಕೊಂಡು ಹೊರಟೇಹೋದ. ಮಲ್ಲಿಗೆಯನ್ನು ಕೊಡಲೂ ಇಲ್ಲ.

ಆಮೇಲಿನ ಎರಡು ಶನಿವಾರ ಎಷ್ಟು ಉದ್ದವಿದ್ದವು ಅಂತ ಹೇಮಾವತಿಯನ್ನೇ ಕೇಳಬೇಕು. ಬಸ್ಸಿನ ಹಾರ್ನ್ ಕೇಳಿದರೆ ಕಿವಿ ನಿಗುರುತ್ತಿತ್ತು. ಚಾಪೆ ಸುತ್ತಿಟ್ಟಳು, ಮತ್ತೆ ಹಾಸಿದಳು. ಫೋನಿನಲ್ಲಿ ಅಮ್ಮ "ಊಟ ಆಯ್ತಾ?" ಎಂದರೆ ಸಾಕು, ಪಾರಿವಾಳಗಳ ನೆನಪಾಗಿ ಫೋನು ಇಟ್ಟುಬಿಡುತ್ತಿದ್ದಳು.

ಅಳುತ್ತಾ ಕೂರುವ ಜಾಯಮಾನವಲ್ಲ ಅವಳದ್ದು. ಫೋಟೋದ ಜೊತೆ ಅವನು ಕೊಟ್ಟಿದ್ದ ನಕ್ಷೆಯನ್ನು ಈಗ ತೆಗೆದು ನೋಡಿದಳು. ಎರಡು ಗೋಪುರಕ್ಕೂ ಬೇರೆ ಬೇರೆ ಅಳತೆ, ಸ್ಪಷ್ಟವಾಗಿ ಬರೆದಿದೆ. ಒಂದು ಎಂಬತ್ತೆರಡು ಮೀಟರ್, ಇನ್ನೊಂದು ಅರವತ್ತೊಂಬತ್ತು. ತಪ್ಪು ತನ್ನದೇ!

'ಅವನು ಹೋದರೆ ಹೋಗಲಿ. ಅಪ್ಪನ ಹೆಸರಲ್ಲಿ ತಪ್ಪು ಕೆಲಸ ಉಳೀಬಾರದು.'

ಮೂರು ದಿನ ಕೂತು ಹೊಸ ಗೋಪುರ ಕೆತ್ತಿದಳು. ಒಂದು ನೂಲೂ ಕಮ್ಮಿಯಿಲ್ಲದ ಹಾಗೆ. ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ಹೊಸನಗರದ ಬಸ್ಸು ಹತ್ತಿದಳು.

ಪ್ರದರ್ಶನ ಮುಗಿದು ಕಾಲೇಜಿನ ಕೋಣೆ ಖಾಲಿಯಾಗಿತ್ತು. ಪೂರ್ಣೇಶ್ ಒಬ್ಬನೇ ಹಲಗೆಯ ಮುಂದೆ ಕೂತಿದ್ದ. ಕೊಯ್ದ ಗೋಪುರದ ತಲೆಯ ಮೇಲೆ ಕಾಗದ ಮಡಿಸಿ, ದಾರ ಕಟ್ಟಿ, ಸರಿಯಾಗಿ ನಾಲ್ಕು ಬೆರಳು ಎತ್ತರ ಮಾಡಿಟ್ಟಿದ್ದ.

ಅದನ್ನು ನೋಡಿ ಹೇಮಾವತಿಯ ಕಣ್ಣು ತುಂಬಿತು.

"ನನ್ ಕೆಲಸ ತಪ್ಪಾಗಿತ್ತು. ಸರಿ ಮಾಡಿ ತಂದಿದೀನಿ. ಇಟ್ಟು ಹೋಗ್ತೀನಿ."

ಅವನು ಗಡಬಡಿಸಿ ಎದ್ದ. "ಹೇಮಾವತಿಯೋರೆ... ಆವತ್ತು..."

"ಆವತ್ತು ನಾನು ಎದ್ದ ಕೂಡ್ಲೆ ನಿಮ್ ಮಾತು ನಿಂತೋಯ್ತು. ನಂಗದು ಹೊಸದಲ್ಲ ಬಿಡಿ."

"ನಿಂತಿದ್ದು ಹೌದು! ನನ್ನನ್ನ ಮದ್ವೆ ಆಗ್ತೀರಾ ಅಂತ ಕೇಳೋಕೆ ಬಂದಿದ್ದೆ. ನೀವು ಎದ್ರಿ. ನನ್ ತಲೆ ನಿಮ್ ಹೆಗಲಿಗೆ ಬಂತು. ಮೂರು ಮನೆಯೋರು 'ಹುಡುಗ ಕುಳ್ಳ' ಅಂತ ನನ್ನ ವಾಪಸ್ ಕಳ್ಸಿದಾರೆ. ಈ ಕುಳ್ಳ ಯಾವ ಮುಖ ಇಟ್ಕೊಂಡು ಕೇಳೋದು ಅಂತ ನಾಚಿಕೆ ಆಗೋಯ್ತು!"

ಹೇಮಾವತಿ ಬಾಯಿಬಿಟ್ಟು ನೋಡಿದಳು. ಐದು ವಾರ ಎದುರುಬದುರು ಕೂತಿದ್ದರೂ ಅವನ ಎತ್ತರ ಎಷ್ಟೆಂದು ಅವಳು ಯೋಚಿಸಿಯೇ ಇರಲಿಲ್ಲ!

"ನಿಮ್ ಮನೇಲಿ ಒಪ್ತಾರಾ? ನಾವು ಗುಡಿಗಾರರು, ಜಾತಿ ಬೇರೆ..."

"ಅಮ್ಮಂಗೆ ಮೊದ್ಲೇ ಹೇಳಿದೀನಿ. ಮೂರು ದಿನ ಮಾತು ಬಿಟ್ರು. ನಾಲ್ಕನೇ ದಿನ 'ಅವಳಿಗೆ ಕಡುಬು ಮಾಡೋಕೆ ಬರುತ್ತಾ' ಅಂತ ಕೇಳಿದ್ರು."

ಅವಳು ಅಳುತ್ತಲೇ ನಕ್ಕಳು. ಎಷ್ಟೋ ವರ್ಷಗಳ ಒಂಟಿತನ ಆ ನಗುವಿನ ಜೊತೆ ಹೊರಗೆ ಬಂತು.

"ಜನ ನಗ್ತಾರೆ ಮೇಷ್ಟ್ರೇ. ಧಾರೆ ಮಂಟಪದಲ್ಲಿ ಹಾರ ಹಾಕೋಕೆ ನಿಮ್ ಕೈ ಎಟುಕೋದೂ ಇಲ್ಲ. ನಾನೇ ಬಗ್ತೀನಿ ಬಿಡಿ."

"ಬೇಡ!" ಅವನ ದನಿ ಗಟ್ಟಿಯಾಗಿತ್ತು. "ನೀವು ಬಗ್ಗೋದು ಬೇಡ. ನಂಗೇ ಒಂದು ಮಣೆ ಮಾಡ್ಕೊಡಿ, ಹತ್ತಿ ನಿಲ್ತೀನಿ."

"ಎಷ್ಟು ಎತ್ತರದ್ದು?"

"ನೀವೇ ಅಳತೆ ತಗೊಳ್ಳಿ."

ಹೇಮಾವತಿ ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಹಾಗಾದ್ರೆ ಹತ್ರ ಬನ್ನಿ... ಇನ್ನೂ ಹತ್ರ."